ಎಡಗೈ ಹೊಲಿಗೆ

ನನ್ನ ಎಡಗೈಯನ್ನು ಹೊಗಳಿದವರು ಯಾರೂ ಇರಲಿಲ್ಲ. ಅತ್ತೆಯಂತೂ ಸಾಯುವವರೆಗೂ ಬೈದಳು. ಅದೇ ಕೈ ಧಾರವಾಡದ ಕೋರ್ಟಿನಲ್ಲಿ ಸಾಕ್ಷಿ ಹೇಳಿತು.

ಮೊರಬದ ರಸ್ತೆಗೆ ಹತ್ತಿಕೊಂಡ ನಮ್ಮ ಹೊಲದ ಮುಂದೆ ಪೊಲೀಸರು ಪರವೂರಿನ ಕಾರೊಂದನ್ನು ಹಿಡಿದರು. ಒಳಗೆ ಗಾಂಜಾ. ಕಡಲೆ ಕೀಳುತ್ತಿದ್ದ ನನ್ನನ್ನೂ ಬಾಜು ಹೊಲದವನನ್ನೂ ಪಂಚ ಸಾಕ್ಷಿಗಳಾಗಿ ಕರೆದರು. ನಮ್ಮ ಕಣ್ಣೆದುರೇ ತೂಗಿ ಚೀಲಕ್ಕೆ ತುಂಬಿದರು. ನನಗೆ ಎರಡನೇ ಇಯತ್ತೆಯಷ್ಟೇ ಓದು. ಪಂಚನಾಮೆಯನ್ನು ಓದಿಸಿ ಕೇಳಿಯೇ ಸಹಿ ಹಾಕಿದೆ.

ಚೀಲದ ಬಾಯಿ ಹೊಲಿಯಲು ಕುಳಿತ ಮಹಿಳಾ ಪೇದೆ ಬೆರಳು ಚುಚ್ಚಿಕೊಂಡಳು.

“ಅತ್ತಾಗ ಸರಿ ಬೇ. ಜ್ವಾಳದ ಚೀಲ ಎಂದಾರ ಹೊಲಿದೀಯೇನು?” ಎಂದು ದಬ್ಬಣ ಕಸಿದು ನಾನೇ ಹೊಲಿದೆ. ಮೇಲೆ ಅರಗಿನ ಮುದ್ರೆ ಒತ್ತಿದರು.

ಎರಡು ವರ್ಷದ ಮೇಲೆ ಕೋರ್ಟಿಗೆ ಕರೆ ಬಂತು. ಠಾಣೆಯ ಜಪ್ತಿ ಮಾಲಿನ ಕೋಣೆ ಅದೇ ಪೇದೆ ಹುಡುಗಿಯ ವಶದಲ್ಲಿತ್ತು. ತಗಡಿನ ಮಾಡಿನ ಕಾವಿಗೆ ಅರಗು ಕರಗಿ ಮುದ್ರೆ ಅಳಿಸಿಹೋಗಿತ್ತು. ಇವಳೇ ಚೀಲ ಬಿಚ್ಚಿ ಮಾಲು ಬದಲಿಸಿದ್ದಾಳೆ ಎಂದು ಆರೋಪಿಯ ವಕೀಲ ಹಟ ಹಿಡಿದ. ಆ ಮಾತು ನಿಂತರೆ ಅವಳ ನೌಕರಿ ಹೋದಂತೆಯೇ. ಬಾಗಿಲ ಬಳಿ ನಿಂತವಳ ಮುಖದಲ್ಲಿ ರಕ್ತವಿರಲಿಲ್ಲ.

ನಾನು ಚೀಲ ತಿರುವಿ ನೋಡಿದೆ.

“ಇದು ನಂದ ಹೊಲಿಗಿ ಐತ್ರಿ. ಮಂದೀದು ಬಲಕ್ಕ ವಾಲತೈತಿ, ನಂದು ಎಡಕ್ಕ. ಕಡೀ ಗಂಟು ಒಳಗ ಹಾಕತೇನಿ. ಕೊಯ್ದ ಬಿಚ್ಚಬೇಕ್ರಿ ಇದನ್ನ.”

“ಅಜ್ಜಿ, ಹಿಂಗ ಯಾರರ ಹೊಲೀಬಹುದಲ್ಲ?” ಎಂದ ವಕೀಲ.

“ನೀವ ಹೊಲಿದ ತೋರಿಸ್ರಿ ಹಂಗಾರ.”

ಜಡ್ಜ್ ಸಾಹೇಬರು ನಗು ನುಂಗಿಕೊಂಡು, ಕಡತ ಹೊಲಿಯುವ ದಬ್ಬಣ, ದಾರ ತರಿಸಿ ನನಗೇ ಹೊಲಿಯಲು ಹೇಳಿದರು. ಬೇರೆ ಚೀಲ ಎಲ್ಲಿಂದ ತರುವುದು? ಕಂಕುಳಲ್ಲಿದ್ದ ನನ್ನ ರೊಟ್ಟಿ ಚೀಲದ ಬಾಯಿಯನ್ನೇ ಹೊಲಿದು ಕೊಟ್ಟೆ. ಸಾಹೇಬರು ಎರಡನ್ನೂ ಬಾಜುಬಾಜು ಇಟ್ಟು ನೋಡಿ, ಹೊಲಿಗೆ ಒಂದೇ, ಎಲ್ಲಿಯೂ ಕೊಯ್ದಿಲ್ಲ ಎಂದು ಬರೆಸಿದರು. ವಕೀಲ ಕುಳಿತುಕೊಂಡ.

ಹೊರಗೆ ಬೇವಿನ ಗಿಡದ ಕೆಳಗೆ ಆ ಹುಡುಗಿ ನನ್ನ ಕೈ ಹಿಡಿದು ಅಳಲು ಶುರುಮಾಡಿದಳು.

“ಅಳೂದು ಆಮ್ಯಾಲ. ಮೊದಲು ಉಣ್ಣೂಣು.”

ರೊಟ್ಟಿ ಚೀಲವನ್ನು ಅವಳು ಎಳೆದಳು, ಹಲ್ಲು ಹಚ್ಚಿದಳು. ಬಿಚ್ಚಲಿಲ್ಲ. ಕಡೆಗೆ ಚಹಾದ ಅಂಗಡಿಯಿಂದ ಚಾಕು ತಂದು ಕೊಯ್ದಳು. ಅಷ್ಟರಲ್ಲಿ ಅಳು ಹೋಗಿ ನಗು ಬಂದಿತ್ತು.

“ಆಯಿ, ಖರೇನ ಕೊಯ್ಯಬೇಕಲ್ರಿ ಇದನ್ನ.”

“ಮತ್ತ, ಕೋರ್ಟಿನ್ಯಾಗ ನಿಂತು ಸುಳ್ಳ ಹೇಳತೇನೇನ ಬೇ?”

ಒಳ್ಳೆಯ ಚೀಲ ಹಾಳಾಯಿತು. ಆದರೆ ಶೇಂಗಾ ಚಟ್ನಿ ಅವತ್ತು ಅಗದಿ ರುಚಿಯಾಗಿತ್ತು.