ಶೋಕೇಸಿನ ಅಳತೆಯ ಗಿಟಾರ್

ರಾಮಕೃಷ್ಣನಗರದ ಗುರುಮಲ್ಲಪ್ಪನವರಿಗೆ ಸಂಗೀತವೆಂದರೆ ಆಕಳಿಕೆ. ಆದರೂ ತೊಂಬತ್ತೆಂಟರಲ್ಲಿ ಹೊಸ ಮನೆ ಕಟ್ಟಿಸಿದಾಗ ಹಾಲ್‌ನ ಶೋಕೇಸಿನಲ್ಲಿ ಗಿಟಾರ್ ಇಡಬೇಕೆನಿಸಿತು, ಏಕೆಂದರೆ ಎದುರುಮನೆಯವರ ಶೋಕೇಸಿನಲ್ಲಿ ವೀಣೆಯಿತ್ತು. ಅಂಗಡಿಯ ಗಿಟಾರ್ ಯಾವುದೂ ಇವರ ಶೋಕೇಸಿನೊಳಗೆ ಹಿಡಿಸಲಿಲ್ಲ. ಹಾಗಾಗಿ ಅಗ್ರಹಾರದಲ್ಲಿ ವೀಣೆ, ಗಿಟಾರ್ ಮಾಡುವ ಸಿದ್ದಾಚಾರಿಯ ಬಳಿಗೆ ಹೋದರು. ಗಿಟಾರ್ ಮೇಷ್ಟ್ರೆಂದು ನನ್ನನ್ನೂ ಎಳೆದುಕೊಂಡು ಹೋದರು.

"ನುಡಿಸೋರ ಕೈ ನೋಡ್ಬೇಕು, ಕರ್ಕೊಂಡ್ ಬನ್ನಿ," ಎಂದ ಆಚಾರಿ.

"ಕೈ ಯಾಕ್ರೀ? ಅಳತೆ ಇಲ್ಲಿದೆ," ಎಂದು ಗುರುಮಲ್ಲಪ್ಪ ಜೇಬಿನಿಂದ ಶೋಕೇಸಿನ ಉದ್ದ ಅಳೆದ ದಾರ ತೆಗೆದುಕೊಟ್ಟರು.

ಆಚಾರಿಯೂ ಅಂಥ ಸಂಭಾವಿತನೇನಲ್ಲ. ದಾರಕ್ಕೆ ಸರಿಯಾಗಿ ಗಿಟಾರಿನ ಕುತ್ತಿಗೆಯನ್ನು ಗೇಣುದ್ದ ಮೊಟಕು ಮಾಡಿದ. ಬೀಟೆಮರದ ಮೈಮೇಲೆ ಅಂಬಾರಿ ಹೊತ್ತ ಆನೆಯನ್ನು ಕೆತ್ತಿ ಕೊಟ್ಟ.

ಗುರುಮಲ್ಲಪ್ಪನವರು ದಸರಾ ಊಟಕ್ಕೆ ಕರೆದಾಗ ನಾನು ಅದನ್ನು ಶೋಕೇಸಿನಿಂದ ಹೊರತೆಗೆದು ಮೀಟಿ ನೋಡಿದೆ. ಒಂದು ತಂತಿಯೂ ಶ್ರುತಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಗುರುಮಲ್ಲಪ್ಪ ಗಿಟಾರನ್ನು ಕಿತ್ತುಕೊಂಡು, ಆನೆಯ ಮೇಲಿದ್ದ ನನ್ನ ಬೆರಳಿನ ಗುರುತನ್ನು ಪಂಚೆಯಿಂದ ಒರೆಸಿದರು. ಒಳಗಿಟ್ಟು ಗಾಜಿನ ಬಾಗಿಲು ಎಳೆದರು.

"ಬಾರ್ಸಕ್ಕೆ ಬೇಕಾದ್ರೆ ಬೇರೆ ಒಂದು ತಗೊಂಡ್ರಾಯ್ತು ಬುಡಿ, ಮೇಷ್ಟ್ರೇ."