ಟ್ರಿಗರ್‌ಗೆ ಇಟ್ಟ ಕುಂಕುಮ

ದೆವ್ವ, ಗಾಳಿ, ಮೈಮೇಲೆ ಬರುವುದು ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದ ಮನುಷ್ಯ ನಾನು. ಪೊಲೀಸ್ ಇಲಾಖೆಯ ಆರ್ಮರಿಯಲ್ಲಿ ಬಂದೂಕು ಬಿಚ್ಚಿ ಜೋಡಿಸುತ್ತಲೇ ತಲೆ ನರೆತವನು. ಕಬ್ಬಿಣ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವವನಿಗೆ ಕಣ್ಣಿರಬೇಕು ಅಷ್ಟೇ ಅಂತ ನಂಬಿದ್ದೆ. ಈಗಲೂ ಹಾಗೇ ನಂಬಬೇಕು ಅಂತ ಆಸೆ. ಆದರೆ ನಮ್ಮಣ್ಣನ ರೈಫಲಿನ ವಿಷಯಕ್ಕೆ ಬಂದರೆ ಇವತ್ತಿಗೂ ಕಾರಣ ಸಿಕ್ಕಿಲ್ಲ. ನಗುವವರು ನಗಲಿ, ಹೇಳಿಬಿಡುತ್ತೇನೆ.

ಅಣ್ಣನದು ಹನೂರಿನ ಹತ್ತಿರ ಕಾಡಂಚಿನ ಜಮೀನು. ಮುಸುಕಿನ ಜೋಳಕ್ಕೆ ಹಂದಿ ನುಗ್ಗುತ್ತವೆ ಅಂತ ಅಪ್ಪನ ಕಾಲದಿಂದಲೂ ಮನೆಯಲ್ಲಿ ಲೈಸೆನ್ಸಿನ ರೈಫಲ್ ಇದೆ. ಆಯುಧಪೂಜೆ ಬಂದರೆ ಅತ್ತಿಗೆ ಕುಡುಗೋಲು, ಮಚ್ಚು, ನೇಗಿಲ ಜೊತೆ ಅದಕ್ಕೂ ಕುಂಕುಮ ಇಡುತ್ತಿದ್ದರು. ಅದೂ ಎಲ್ಲಿಗೆ? ಟ್ರಿಗರ್‌ಗೆ! ತಾವೇ ಕಾಯಿಸಿದ ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಮೆತ್ತುವುದು. ಒಳಗಿಳಿದು ಗಟ್ಟಿಯಾಗುತ್ತೆ ಅತ್ತಿಗೆ, ಮರದ ಹಿಡಿಗೆ ಇಡಿ ಅಂತ ವರ್ಷವರ್ಷವೂ ರೇಗುತ್ತಿದ್ದೆ.

"ಕೊಲ್ಲೋದು ಅದೇ ತಾನೇ ಕಣಪ್ಪ? ಅದ್ರ ಅಣೆಗೇ ಇಡ್ಬೇಕು," ಅನ್ನೋರು.

ಅತ್ತಿಗೆ ತೀರಿಕೊಂಡು ಎರಡು ದಸರಾ ಕಳೆದಿತ್ತು. ಚುನಾವಣೆ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಇಟ್ಟಿದ್ದ ರೈಫಲನ್ನು ಅಣ್ಣ ವಾಪಸ್ ತಂದಿದ್ದ. ಟ್ರಿಗರ್ ಬಿಗಿಯಾಗಿದೆ, ಬಂದು ನೋಡು ಅಂತ ಫೋನ್ ಮಾಡಿದ. ಕೊಳ್ಳೇಗಾಲದಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಜಗಲಿಯ ಮೇಲೆ ಗೋಣಿಚೀಲ ಹಾಸಿ ಟ್ರಿಗರ್ ಭಾಗ ಬಿಚ್ಚಿದೆ. ಅಬ್ಬಬ್ಬಾ, ಎಷ್ಟು ವರ್ಷದ ಕುಂಕುಮ! ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಡ್ಡಿಗೆ ಬಟ್ಟೆ ಸುತ್ತಿ ಸಂದುಗೊಂದಿ ಒರೆಸಿದೆ. ಬಟ್ಟಲೆಲ್ಲ ಕೆಂಪಾಯಿತು; ಒಯ್ದು ತಿಪ್ಪೆಗೆ ಚೆಲ್ಲಿದೆ. ಬಿಸಿಲಲ್ಲಿ ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದೇ ತೊಟ್ಟು ಬಿಟ್ಟು ಜೋಡಿಸಿದೆ. ಗುಂಡಿಲ್ಲದೆ ಎಷ್ಟೋ ಸಲ ಎಳೆದು ನೋಡಿದೆ. ಬೆಣ್ಣೆ! ಅಣ್ಣನೂ ಎಳೆದು ನೋಡಿ, "ಒಸಾದಂಗಾಯ್ತು ಕಣ್ಲಾ," ಅಂತ ನಕ್ಕ.

ಆ ನಗು ಮುಗಿಯುವ ಮೊದಲೇ ಅವನ ಮಗಳು ರಾಜಿ ಆಟೋದಿಂದ ಇಳಿದಳು. ಯಳಂದೂರಿಗೆ ಕೊಟ್ಟಿದ್ದ ಹುಡುಗಿ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತುಟಿ ಸೀಳಿತ್ತು, ರವಿಕೆಯ ಮೇಲೆ ರಕ್ತ ಒಣಗಿತ್ತು, ಎಡಗೈ ಜೋತಾಡುತ್ತಿತ್ತು. "ಸಾಯಿಸ್ತಾನೆ ಕಣಪ್ಪ, ಇಂದ್ಗಡೇನೇ ಬತ್ತಾವ್ನೆ," ಅಂದಳು. ಚಿಕ್ಕಪ್ಪ ನಾನು, ನನಗೇ ನೋಡಲಾಗಲಿಲ್ಲ. ಹೆತ್ತವನಿಗೆ ಹೇಗಾಗಿರಬೇಡ?

ಅಳಿಯ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಬೈಕಿನಲ್ಲಿ ಬಂದೇಬಿಟ್ಟ. ಕಂಠಪೂರ್ತಿ ಕುಡಿದಿದ್ದ, ಕೈಯಲ್ಲಿ ಕಬ್ಬು ಕಡಿಯುವ ಮಚ್ಚು. ಅಣ್ಣ ರೈಫಲ್ ಎತ್ತಿಕೊಂಡ. ಗುಂಡು ತುಂಬಿದ, ಟ್ರಿಗರಿನ ತಡೆ, ಆ ಸೇಫ್ಟಿಯನ್ನೂ ತೆಗೆದ, ಅದನ್ನು ಕಣ್ಣಾರೆ ಕಂಡಿದ್ದೇನೆ. ಅಳಿಯನ ಎದೆಗೆ ನೇರ ಹಿಡಿದ.

"ಬ್ಯಾಡ ಕಣಣ್ಣ! ನೀನು ಜೈಲಿಗೋದ್ರೆ ಇವ್ಳಿಗ್ಯಾರವ್ರೆ?" ಅಂತ ನಾನು ಕೂಗುವಷ್ಟರಲ್ಲಿ ಎಳೆದ.

ಟ್ರಿಗರ್ ಅಲ್ಲಾಡಲಿಲ್ಲ. ಮತ್ತೆ ಎಳೆದ, ಬೆರಳು ಬೆಳ್ಳಗಾಗುವ ಹಾಗೆ ಎಳೆದ. ಕಲ್ಲು! ಅಷ್ಟರಲ್ಲಿ ಅಳಿಯನ ಮಚ್ಚಿನ ಏಟು ಬಿತ್ತು. ಅಣ್ಣನ ತೋರುಬೆರಳು ಹಾರಿ ನನ್ನ ಸೀಮೆಎಣ್ಣೆ ಬಟ್ಟಲಿನ ಪಕ್ಕಕ್ಕೆ ಬಿತ್ತು. ಅಳಿಯ ಎರಡನೇ ಏಟಿಗೆ ಕೈ ಎತ್ತಿದಾಗ ನಾನು ಗುದ್ದಲಿ ಕಾವಿನಿಂದ ಮಂಡಿಗೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿತು. ಊರವರು ಓಡಿಬಂದು ಅವನನ್ನು ಲೈಟ್ ಕಂಬಕ್ಕೆ ಕಟ್ಟಿ ಮುಖಮೂತಿ ನೋಡದೆ ಹೊಡೆದರು. ಇಷ್ಟು ವರ್ಷ ಇಲಾಖೆಯ ಅನ್ನ ತಿಂದವನು, ಆದರೂ ಬಿಡಿಸಬೇಕು ಅನ್ನಿಸಲಿಲ್ಲ. ಅಪ್ಪ ಮಗಳನ್ನು ಅದೇ ಆಟೋದಲ್ಲಿ ಕಾಮಗೆರೆ ಆಸ್ಪತ್ರೆಗೆ ಸಾಗಿಸಿದೆವು.

ರೈಫಲನ್ನು ಪೊಲೀಸರು ಒಯ್ದರು. ಮಾರನೇ ದಿನ ನನ್ನನ್ನು ಸ್ಟೇಷನ್‌ಗೆ ಕರೆಸಿ, ನನ್ನೆದುರಿಗೇ ಬಿಚ್ಚಿಸಿದರು. ಬಿಚ್ಚಿದವನು ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವನು. ಒಳಗೆ ನೋಡಿ ಅವನ ಮುಖವೇ ಪೆಚ್ಚಾಯಿತು.

"ಏನ್ ಸಾ, ಇದ್ನಾ ನೀವು ಕ್ಲೀನ್ ಮಾಡಿದ್ದು?"

ಟ್ರಿಗರಿನ ಕೊಂಡಿಯ ಸುತ್ತ ಕುಂಕುಮ ಮೆತ್ತಿಕೊಂಡು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಹರಳೆಣ್ಣೆ. ಅತ್ತಿಗೆ ಹೋದಮೇಲೆ ಆ ಮನೆಯಲ್ಲಿ ಹರಳೆಣ್ಣೆ ಕಾಯಿಸಿದವರೇ ಇಲ್ಲ. ನನ್ನ ಕಸುಬಿಗೆ ಅವಮಾನವಾಯಿತು ಅಂತ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಮುದುಕನಿಗೆ ಕಣ್ಣು ಮಂಜಾಗಿದೆ, ಸರಿಯಾಗಿ ಒರೆಸಿಲ್ಲ ಅಂತ ಜನ ಅಂದರು. ಅನ್ನಲಿ. ಹಾಗಾದರೆ ಅಣ್ಣ ಎಳೆದು ನೋಡಿ ನಕ್ಕನಲ್ಲ, ಅದೇನು? ತಿಪ್ಪೆಯ ಮೇಲೆ ನಾನು ಚೆಲ್ಲಿದ ಕೆಂಪು ವಾರದವರೆಗೂ ಹೋಗಿರಲಿಲ್ಲ. ಯಾವ ಕಡೆಯಿಂದ ಯೋಚಿಸಿದರೂ ಹಿಡಿ ಸಿಗುವುದಿಲ್ಲ.

ಅಳಿಯ ಜೈಲಿನಲ್ಲಿದ್ದಾನೆ. ಅಣ್ಣ ಮನೆಯಲ್ಲೇ ಇದ್ದಾನೆ, ರಾಜಿ ಅವನ ಜೊತೆಗಿದ್ದಾಳೆ. "ನಿಮ್ಮತ್ತಿಗೆ ಆ ನನ್ಮಗನ್ನ ಉಳುಸ್ಬುಟ್ಳು ಕಣ್ಲಾ," ಅಂತ ಅಣ್ಣ ಈಗಲೂ ಹಲ್ಲು ಕಡಿಯುತ್ತಾನೆ.

ಕಳೆದ ಆಯುಧಪೂಜೆಗೆ ಹೋಗಿದ್ದೆ. ರೈಫಲ್ ಇನ್ನೂ ಪೊಲೀಸರ ಹತ್ತಿರವೇ ಇದೆ. ರಾಜಿ ಕುಡುಗೋಲು, ನೇಗಿಲಿಗೆ ಕುಂಕುಮ ಇಟ್ಟಳು. ಆಮೇಲೆ ಅಪ್ಪನ ಮುಂದೆ ಕೂತು, ಅವನ ಬಲಗೈ ಎಳೆದುಕೊಂಡು, ತುಂಡಾದ ಬೆರಳಿನ ಮೋಟಿಗೆ ಒಂದು ಬೊಟ್ಟು ಇಟ್ಟಳು. ಅಣ್ಣ ಗೊಳೋ ಅಂತ ಅತ್ತುಬಿಟ್ಟ.

ಕುಂಕುಮದ ಬಟ್ಟಲು ನನ್ನ ಪಕ್ಕದಲ್ಲೇ ಇತ್ತು. ಹರಳೆಣ್ಣೆಯ ವಾಸನೆ ಬರುತ್ತಿತ್ತು. ಈ ಎಣ್ಣೆ ಎಲ್ಲಿಯದು ಮಗಳೇ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.