ಸಾಕ್ಷಿ ಉತ್ತರಿಸಲಿಲ್ಲ

ಪುತ್ತೂರಿನ ಕೋರ್ಟುಗುಡ್ಡೆಗೆ ಹತ್ತುವ ದಾರಿಯ ಎಡಬದಿಯಲ್ಲಿ ಮಹಾಲಿಂಗ ಭಟ್ಟರ ಮನೆ ಇತ್ತು, ಮನೆಯ ಮುಂಭಾಗವೇ ಆಫೀಸು. ಜನ ಅವರನ್ನು ಅಪೀಲು ಭಟ್ಟರೆಂದು ಕರೆಯುತ್ತಿದ್ದರು. ಕೆಳಗಿನ ಕೋರ್ಟಿನಲ್ಲಿ ಸೋತವರು ಬೆಳ್ಳಾರೆಯಿಂದ, ಕಡಬದಿಂದ, ಆಗಿನ್ನೂ ಪುತ್ತೂರು ತಾಲೂಕಿಗೇ ಸೇರಿದ್ದ ಸುಳ್ಯದಿಂದ ಕಾಗದದ ಕಟ್ಟು ಹಿಡಿದುಕೊಂಡು ಅವರಲ್ಲಿಗೆ ಬರುತ್ತಿದ್ದರು. ಭಟ್ಟರು ಕಟ್ಟನ್ನು ತೆಗೆದಿಟ್ಟುಕೊಂಡು ಕಕ್ಷಿದಾರನನ್ನು ಮನೆಗೆ ಕಳಿಸಿಬಿಡುತ್ತಿದ್ದರು. ಹೇಳಬೇಕಾದದ್ದೆಲ್ಲ ಕಾಗದದಲ್ಲಿ ಉಂಟಲ್ಲ, ನೀವು ಹೇಳಿದರೆ ನನಗೆ ಗಲಿಬಿಲಿಯಾಗುತ್ತದೆ ಎನ್ನುತ್ತಿದ್ದರು.

ಅದು ಸುಳ್ಳಲ್ಲ. ವಕೀಲಿಕೆಯ ಮೊದಲ ಎರಡು ವರ್ಷ ಅವರೂ ಸಾಕ್ಷಿಗಳನ್ನು ಪ್ರಶ್ನಿಸಿದ್ದುಂಟು. ಆದರೆ ಕಟಕಟೆಯಲ್ಲಿ ನಿಂತವರ ಮುಖ ನೋಡಿದ ಕೂಡಲೇ ಅವರಿಗೆ ಪ್ರಶ್ನೆ ಮರೆತುಹೋಗುತ್ತಿತ್ತು. ಒಮ್ಮೆ ಒಬ್ಬ ಮುದುಕ ಕಣ್ಣು ತುಂಬಿಕೊಂಡು ಅವರನ್ನೇ ನೋಡಿದಾಗ, ಎದುರು ಪಕ್ಷದ ಸಾಕ್ಷಿಯೆಂಬುದನ್ನೂ ಮರೆತು ಕುಳಿತುಕೊಳ್ಳಲು ಹೇಳಿಬಿಟ್ಟಿದ್ದರು. ಕೋರ್ಟು ಇಡೀ ನಕ್ಕಿತು. ಆ ಮೇಲೆ ಅವರು ಅಪೀಲುಗಳನ್ನು ಮಾತ್ರ ಹಿಡಿದರು. ಅಪೀಲಿನಲ್ಲಿ ಮುಖಗಳಿಲ್ಲ. ಸಾಕ್ಷಿ ತುಳುವಿನಲ್ಲೋ ಅರೆಭಾಷೆಯಲ್ಲೋ ಹೇಳಿದ್ದನ್ನು ಮುನ್ಸೀಫರು ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾರೆ, ಅದರ ನಕಲು ಬರುತ್ತದೆ. ಭಟ್ಟರು ಅದನ್ನು ಮೂರು ಸಲ ಓದಿ, ಮೂರನೆಯ ಸಲ ಕೆಂಪು ಪೆನ್ಸಿಲು ಹಿಡಿಯುತ್ತಿದ್ದರು. ಬೇರೆಯವರು ದಾಟಿಹೋದ ಒಂದು ಸಾಲು ಅವರ ಕಣ್ಣಿಗೆ ಸಿಕ್ಕಿಯೇ ಸಿಗುತ್ತಿತ್ತು. ವಾಯಿದೆಯ ದಿನ ಬೆಳಗಿನ ಬಸ್ಸಿನಲ್ಲಿ ಮಂಗಳೂರಿನ ಜಿಲ್ಲಾ ಕೋರ್ಟಿಗೆ ಹೋಗಿ ಮೆಲುದನಿಯಲ್ಲಿ ಅರ್ಧ ಗಂಟೆ ವಾದಿಸಿ ಬರುತ್ತಿದ್ದರು. ಹತ್ತಕ್ಕೆ ಆರು ಅಪೀಲು ಗೆಲ್ಲುವ ವಕೀಲ ಜಿಲ್ಲೆಯಲ್ಲಿ ಬೇರೆ ಇಲ್ಲವೆಂಬ ಮಾತಿತ್ತು.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಬೆಳ್ಳಾರೆ ಕಡೆಯ ಬೋಜಪ್ಪ ಗೌಡ ಎಂಬವನು ಬಂದ. ಅವನ ಚಿಕ್ಕಪ್ಪ ಕುಕ್ಕಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಚಿಕ್ಕಮ್ಮ ಪೂವಮ್ಮನಿಗೆ ಮಕ್ಕಳಿಲ್ಲ. ಅವಳು ಮನೆ ಮಾಡಿಕೊಂಡು ಕೂತಿದ್ದ ಗುಡ್ಡದ ಜಾಗ ಕುಟುಂಬದ್ದು, ಬಿಟ್ಟುಕೊಡಬೇಕು ಎಂದು ಬೋಜಪ್ಪ ದಾವೆ ಹೂಡಿದ್ದ. ಅದು ನನ್ನ ಗಂಡ ಸ್ವಂತವಾಗಿ ಮಾಡಿದ ಜಾಗ ಎಂದು ಅವಳ ವಾದ. ಎಲ್ಲ ನಿಂತದ್ದು ಅಲ್ಲಿನ ಸುರಂಗದ ಮೇಲೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರಕ್ಕೆ ತೋಡಿ, ಒಸರುವ ನೀರನ್ನು ಹೊರಗೆ ತರುವ ಸುರಂಗ ಅದು. ಆ ನೀರಿಲ್ಲದಿದ್ದರೆ ಜಾಗ ಬರೇ ಕಲ್ಲು. ತೋಡಿಸಿದ್ದು ನನ್ನ ತಂದೆ, ಕೂಲಿಯಾಳು ಇಟ್ಟು ಎಂದು ಬೋಜಪ್ಪ ಹೇಳಿದ. ಪುತ್ತೂರಿನ ಮುನ್ಸೀಫರು ಪೂವಮ್ಮನನ್ನು ನಂಬಿದರು. ಬೋಜಪ್ಪ ಸೋತ.

ಭಟ್ಟರು ಮೂರನೆಯ ಓದಿನಲ್ಲಿ ಪೂವಮ್ಮನ ಹೇಳಿಕೆಯ ಒಂದು ಜಾಗದಲ್ಲಿ ಪೆನ್ಸಿಲು ನಿಲ್ಲಿಸಿದರು. ಸುರಂಗ ತೋಡಿದವರ ಹೆಸರೇನೆಂದು ಪ್ರಶ್ನೆ. ಸಾಕ್ಷಿ ಉತ್ತರಿಸಲಿಲ್ಲ. ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಸಾಕ್ಷಿ ಉತ್ತರಿಸಲಿಲ್ಲ. ಅಷ್ಟೇ. ಮುಂದಿನ ಪ್ರಶ್ನೆ ಗಡಿಯ ಬಗ್ಗೆ.

ಆ ಎರಡು ಸಾಲಿನ ಮೇಲೆ ಅವರು ಇಡೀ ಅಪೀಲನ್ನು ಕಟ್ಟಿದರು. ಹನ್ನೊಂದು ವರ್ಷ ಆ ನೀರು ಕುಡಿದವಳಿಗೆ ಅದನ್ನು ತೋಡಿದವನ ಹೆಸರು ಬಾಯಿಗೆ ಬರುವುದಿಲ್ಲವೆಂದರೆ ಏನರ್ಥ ಎಂದು ಬರೆದರು. ಪೂವಮ್ಮನ ಪರವಾಗಿ ಮಂಗಳೂರಿನಲ್ಲಿ ನಿಂತ ವಕೀಲ ವಿಚಾರಣೆಯನ್ನು ನೋಡಿದವನಲ್ಲ, ಅವನೂ ಕಾಗದ ಓದಿಯೇ ಬಂದವನು. ಸಾಕ್ಷಿಯನ್ನು ಕಣ್ಣಾರೆ ಕಂಡ ಮುನ್ಸೀಫರು ನಂಬಿದ್ದಾರಲ್ಲ ಎಂದಷ್ಟೇ ಹೇಳಿ ಕುಳಿತ. ಹೊರ ಪ್ರಾಂತ್ಯದಿಂದ ಬಂದಿದ್ದ ನ್ಯಾಯಾಧೀಶರು ತೀರ್ಪಿನಲ್ಲಿ ಭಟ್ಟರ ವಾಕ್ಯವನ್ನೇ ಎತ್ತಿ ಬರೆದು ಜಾಗವನ್ನು ಬೋಜಪ್ಪನಿಗೆ ಕೊಟ್ಟರು. ಸಂಗತಿಯ ತೀರ್ಮಾನ ಅಲ್ಲಿಗೆ ಮುಗಿಯಿತು, ಹೈಕೋರ್ಟಿಗೆ ಹೋಗಲು ಕಾನೂನಿನ ಪ್ರಶ್ನೆ ಏನೂ ಉಳಿಯಲಿಲ್ಲ. ಭಟ್ಟರು ಬಸ್ಸಿನಲ್ಲಿ ಬರುವಾಗ ಆ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡರು.

ಎರಡು ವರ್ಷ ಕಳೆಯಿತು. ಚುನಾವಣೆಗೆ ಮತದಾರರ ಪಟ್ಟಿ ಸರಿಪಡಿಸುತ್ತಿದ್ದ ಕಾಲ. ಒಂದು ಬೆಳಿಗ್ಗೆ ಪಟ್ಟಿಯ ಗುಮಾಸ್ತ ಮನೆಗೆ ಬಂದ, ಊರಿಗೆ ಹೊಸಬ. ಭಟ್ಟರು ಆಫೀಸಿನ ಒಳಗಿದ್ದರು, ಹೆಂಡತಿ ಶಂಕರಿ ಬಾಗಿಲಲ್ಲಿ ನಿಂತಿದ್ದಳು. ಅವಳ ಹೆಸರು ಕೇಳಿದ, ಹೇಳಿದಳು. ಪ್ರಾಯ ಕೇಳಿದ, ಹೇಳಿದಳು. ಗಂಡನ ಹೆಸರು ಕೇಳಿದ.

ಒಳಗೆ ಕುಳಿತಿದ್ದ ಭಟ್ಟರಿಗೆ ಏನೂ ಕೇಳಿಸಲಿಲ್ಲ. ಗುಮಾಸ್ತ ಮತ್ತೆ ಕೇಳಿದ. ಮತ್ತೆ ಏನೂ ಕೇಳಿಸಲಿಲ್ಲ. ಅವರು ತಲೆ ಎತ್ತಿ ಬಾಗಿಲ ಸಂದಿಯಿಂದ ನೋಡಿದರು. ಶಂಕರಿ ಕುತ್ತಿಗೆಯ ಕರಿಮಣಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಗೋಡೆಯ ಮೇಲಿನ ನಾಮಫಲಕವನ್ನು ನೋಡುತ್ತಿದ್ದಳು. ಗುಮಾಸ್ತ ಫಲಕ ನೋಡಿ ನಕ್ಕು ಬರೆದುಕೊಂಡು ಹೋದ.

ಶಂಕರಿ ಒಳಗೆ ಬರುವಾಗ ಭಟ್ಟರು ಮೇಜಿನ ಅಂಚನ್ನು ಹಿಡಿದು ನಿಂತಿದ್ದರು. ಮುಖ ಬಿಳುಚಿತ್ತು. ಪಿತ್ತ ಏರಿರಬೇಕೆಂದು ಅವಳು ಶುಂಠಿ ನೀರು ತಂದಳು. ಅವರು ಅದನ್ನು ಮುಟ್ಟದೆ ಹಳೆಯ ಕಟ್ಟುಗಳ ಕಪಾಟನ್ನು ತೆರೆದರು.

ಆ ಎರಡು ಸಾಲು ಹಾಗೆಯೇ ಇದ್ದವು, ಕೆಂಪು ಗೆರೆಯೂ ಇತ್ತು. ಗಂಡನ ಹೆಸರು ಹೇಳದ ಹೆಂಗಸರ ನಡುವೆಯೇ ಹುಟ್ಟಿ ಬೆಳೆದವರು ಅವರು. ತಾಯಿ ಹೇಳಿದ್ದಿಲ್ಲ, ಅಕ್ಕ ಹೇಳಿದ್ದಿಲ್ಲ. ಹೊರ ಪ್ರಾಂತ್ಯದ ನ್ಯಾಯಾಧೀಶರಿಗೆ ಗೊತ್ತಾಗದ್ದು ತನಗೆ ಗೊತ್ತಾಗಲಿಲ್ಲವೇ? ಅಥವಾ ಗೊತ್ತಿದ್ದೂ ಪೆನ್ಸಿಲು ಎಳೆಯಿತೇ? ಎಷ್ಟು ಕೆದಕಿದರೂ ನೆನಪು ಒಂದೇ ಉತ್ತರ ಕೊಡಲಿಲ್ಲ. ಒಂದು ದಿನ ಗೊತ್ತಿರಲಿಲ್ಲ ಎನ್ನಿಸುತ್ತಿತ್ತು, ಮರುದಿನ ಗೊತ್ತಿತ್ತು ಎನ್ನಿಸುತ್ತಿತ್ತು.

ಮುನ್ಸೀಫ್ ಕೋರ್ಟಿನಲ್ಲಿ ಸಾಕ್ಷಿಗಳನ್ನು ಕೂಗಿ ಕರೆಯುವ ಜವಾನ ಪೋಕರ್ ಇಪ್ಪತ್ತು ವರ್ಷದಿಂದ ಅಲ್ಲಿದ್ದವನು. ಭಟ್ಟರು ಅವನನ್ನು ಹುಡುಕಿಕೊಂಡು ಹೋಗಿ ಪೂವಮ್ಮನ ಸಾಕ್ಷ್ಯದ ದಿನ ನೆನಪುಂಟೇ ಎಂದು ಕೇಳಿದರು.

"ನೆನಪು ಇಲ್ಲದೆ ಎಂತ ಸ್ವಾಮಿ. ಹೆಸರು ಕೇಳಿದಾಗ ಆ ಹೆಂಗ್ಸು ಬೋಳು ಕುತ್ತಿಗೆ ಮುಟ್ಟಿ ತೋರ್ಸಿದ್ಳು. ಕರಿಮಣಿ ಇರ್ತದಲ್ಲ, ಆ ಜಾಗ. ಇಡೀ ಕೋರ್ಟಿಗೆ ಗೊತ್ತಾಯ್ತು. ಮುನ್ಸೀಫರು ಸಾಕು, ಮುಂದೆ ಹೋಗಿ ಅಂದ್ರು."

ಕೈ ಕುತ್ತಿಗೆಗೆ ಹೋದದ್ದನ್ನು ಯಾರೂ ಬರೆದುಕೊಂಡಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ.

ಪೂವಮ್ಮ ಕಡಬದಲ್ಲಿ ತಂಗಿಯ ಮನೆಯ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು, ಅಗಲವಾದ ಅಂಗೈ. ಭಟ್ಟರು ತಾನು ಯಾರೆಂದು ಹೇಳಿದರು. ತಾನು ಬರೆದ ವಾಕ್ಯವನ್ನೂ ಬಿಡದೆ ಹೇಳಿದರು.

"ಹಾಗೆ ಬರ್ದದ್ದು ನೀವಾ?" ಎಂದಳು.

ಹೌದೆಂದರು. ಅವಳು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಸುರಂಗ ತೋಡಿದ್ದು ಹೇಗೆಂದು ತಾನಾಗಿಯೇ ಹೇಳತೊಡಗಿದಳು. ಮೂರು ಬೇಸಿಗೆ ಹಿಡಿಯಿತಂತೆ. ಗಂಡ ಒಳಗೆ ಪಿಕ್ಕಾಸಿನಿಂದ ಕಡಿಯುವುದು, ಇವಳು ಬುಟ್ಟಿಯಲ್ಲಿ ಮಣ್ಣು ಹೊರಗೆ ಹೊರುವುದು. ಹೆಸರು ಹಿಡಿದು ಕರೆಯುವ ಹಾಗಿಲ್ಲವಲ್ಲ, ಊಟಕ್ಕೆ ಕರೆಯಲು ಸುರಂಗದ ಬಾಯಲ್ಲಿ ಖಾಲಿ ಬುಟ್ಟಿಯನ್ನು ಕೋಲಿನಿಂದ ಬಡಿಯುತ್ತಿದ್ದಳು. ಒಳಗಿನಿಂದ ಅವರು ಪಿಕ್ಕಾಸನ್ನು ಕಲ್ಲಿಗೆ ತಟ್ಟಿ ಓಗೊಡುತ್ತಿದ್ದರು. ಎರಡನೆಯ ವರ್ಷ ಒಂದು ದಿನ ಒಳಗೆ ಮಣ್ಣು ಕುಸಿಯಿತು, ದೀಪ ಆರಿತು.

"ಆ ದಿನವೂ ಬುಟ್ಟಿ ಬಡಿದೇ ಕರ್ದದ್ದು. ಎಷ್ಟು ಬಡಿದೆ ಅಂತ ಗೊತ್ತಿಲ್ಲ. ಕೊನೆಗೆ ಒಳಗಿಂದ ಟಕ್ ಅಂತ ಕೇಳಿತು. ಆವಾಗ ಬಾಯಿಗೆ ಬಾರದ ಹೆಸರು ಕೋರ್ಟಿನಲ್ಲಿ ಬರುದು ಹೇಗೆ?"

ಭಟ್ಟರು ತೀರ್ಪನ್ನು ಮರುಪರಿಶೀಲಿಸಲು ಅರ್ಜಿ ಹಾಕಬಹುದು, ನಾನೇ ಪ್ರಮಾಣಪತ್ರ ಬರೆದು ಕೊಡುತ್ತೇನೆ ಎಂದರು. ಜಾಗ ಸಿಗುವುದು ಕಷ್ಟವೆಂದೂ ಹೇಳಿದರು. ಅವಳು ಜಾಗದ ಮಾತೆತ್ತಲಿಲ್ಲ. ನಾನು ಉತ್ತರ ಕೊಡಲಿಲ್ಲ ಎಂದು ಕಾಗದದಲ್ಲಿ ಇರುವುದನ್ನು ತೆಗೆಸಲಿಕ್ಕೆ ಆಗುತ್ತದೆಯೇ ಎಂದು ಮಾತ್ರ ಕೇಳಿದಳು.

ಮಾರನೆಯ ದಿನ ಅವರು ಬೆಳ್ಳಾರೆಗೆ ಹೋದರು. ಬೋಜಪ್ಪ ತನಗೆ ಗೆಲ್ಲಿಸಿಕೊಟ್ಟ ವಕೀಲರನ್ನು ಆದರದಿಂದಲೇ ಕರೆದ, ಸುರಂಗ ನೋಡಬೇಕೆಂದಾಗ ದೀಪ ಹಿಡಿದು ಬಾಯಿವರೆಗೆ ಬಂದ. ಭಟ್ಟರು ಪಂಚೆ ಎತ್ತಿಕಟ್ಟಿ, ದೀಪ ತೆಗೆದುಕೊಂಡು, ಪಾದ ಮುಳುಗುವ ನೀರಿನಲ್ಲಿ ಒಬ್ಬರೇ ಬಗ್ಗಿ ಒಳಗೆ ನಡೆದರು. ಹೊರಗೆ ಹತ್ತು ಗಂಟೆಯ ಬಿಸಿಲು, ಒಳಗೆ ಹತ್ತು ಹೆಜ್ಜೆಗೆ ಕತ್ತಲೆ. ಗೋಡೆಯಲ್ಲಿ ದೀಪದ ಗೂಡುಗಳಿದ್ದವು. ಕೆಂಪು ಮುರಕಲ್ಲಿನಲ್ಲಿ ಪಿಕ್ಕಾಸಿನ ಗೀರುಗಳು ನಿನ್ನೆ ಹೊಡೆದಂತೆ ಹಸಿಯಾಗಿದ್ದವು. ಒಂದು ಕಡೆ ಮಾಡು ಕುಸಿದು ಗುಹೆಯಂತಾಗಿತ್ತು. ಅಲ್ಲಿ ನಿಂತಾಗ ಹಿಂದಿನಿಂದ ಒಣಬುಟ್ಟಿಗೆ ಕೋಲು ಬಡಿದಂತೆ ಕೇಳಿಸಿತು. ತಿರುಗಿ ನೋಡಿದರು. ಸುರಂಗದ ಬಾಯಲ್ಲಿ ಬೋಜಪ್ಪ ಕೈಕಟ್ಟಿ ನಿಂತಿದ್ದ, ಅವನ ಕೈಯಲ್ಲಿ ಏನೂ ಇರಲಿಲ್ಲ.

ಹೊರಗೆ ಬಂದು, ಚಿಕ್ಕಮ್ಮನಿಗೆ ಮನೆಯನ್ನಾದರೂ ಬಿಟ್ಟುಕೊಡು ಎಂದು ಕೇಳಿಕೊಂಡರು. ಬೋಜಪ್ಪನ ದನಿ ತಣ್ಣಗಿತ್ತು.

"ಗೆದ್ದು ಕೊಟ್ಟದ್ದು ನೀವೇ ಅಲ್ವಾ ಮಾರಾಯ್ರೆ. ಈಗ ಎಂತ ಹೊಸತು ಹೇಳುದು?"

ಭಟ್ಟರು ಸುಳ್ಯದ ಉದಯಶಂಕರನೆಂಬ ಕಿರಿಯ ವಕೀಲನಿಂದ ಅರ್ಜಿ ಹಾಕಿಸಿದರು. ಜೊತೆಗೆ ತನ್ನ ಪ್ರಮಾಣಪತ್ರ ಇಟ್ಟರು, ತಾನು ವಾದಿಸಿದ ಅರ್ಥ ತಪ್ಪು ಎಂದು. ಸ್ವಂತ ಕಕ್ಷಿದಾರನ ವಿರುದ್ಧ ಬರೆದ ವಕೀಲ ಎಂದು ಜಿಲ್ಲೆಯೆಲ್ಲ ಸುದ್ದಿಯಾಯಿತು. ಬೋಜಪ್ಪ ದೂರು ಕೊಟ್ಟ, ವಕೀಲರ ಸಂಘದಲ್ಲಿ ಹಿರಿಯರು ಕರೆದು ಛೀಮಾರಿ ಹಾಕಿದರು. ಅರ್ಜಿ ಮೂರು ಸಾಲಿನಲ್ಲಿ ವಜಾ ಆಯಿತು. ಅವಧಿ ಮೀರಿದೆ, ಮತ್ತು ದಾಖಲೆಯ ಮುಖದ ಮೇಲೆ ಯಾವ ತಪ್ಪೂ ಕಾಣುವುದಿಲ್ಲ ಎಂದು. ಭಟ್ಟರು ಆ ಆದೇಶವನ್ನು ತಾವೇ ಕಡಬಕ್ಕೆ ಕೊಂಡುಹೋಗಿ ಓದಿ ಹೇಳಿದರು. ಪೂವಮ್ಮ ಕೇಳಿಸಿಕೊಂಡು, ಮಜ್ಜಿಗೆ ಕೊಟ್ಟು ಕಳಿಸಿದಳು.

ಆ ಮೇಲೆ ಕಟ್ಟುಗಳು ಬರುವುದು ಕಡಿಮೆಯಾಯಿತು. ಬಂದದ್ದನ್ನೂ ಅವರು ಮೊದಲಿನಂತೆ ಓದಲಾರದಾದರು. ಸಾಕ್ಷಿಯನ್ನು ಕರೆದುಕೊಂಡು ಬನ್ನಿ, ಮುಖ ನೋಡಬೇಕು ಎನ್ನುತ್ತಿದ್ದರು. ಅಪೀಲಿಗೆ ಸಾಕ್ಷಿ ಯಾಕೆಂದು ಜನ ಬೇರೆಯವರಲ್ಲಿಗೆ ಹೋದರು. ಮಧ್ಯಾಹ್ನ ಓದುತ್ತಾ ಕುಳಿತಾಗ ಆ ಬಡಿತ ಕೇಳುತ್ತಿತ್ತು, ಒಂದೇ ಸಮ, ಯಾರೋ ಓಗೊಡುವುದನ್ನು ಕಾಯುತ್ತಿರುವ ಹಾಗೆ. ಶಂಕರಿ ಅಕ್ಕಿ ಕೇರುವ ಗೆರಸೆ ತಟ್ಟುವುದನ್ನು ಹಿತ್ತಿಲಿಗೆ ವರ್ಗಾಯಿಸಿದಳು. ಆದರೂ ಕೇಳುತ್ತಿತ್ತು.

ಅರವತ್ತನಾಲ್ಕರಲ್ಲಿ ಪೂವಮ್ಮ ತೀರಿಕೊಂಡ ಸುದ್ದಿ ಬಂತು. ಆ ವಾರ ಊಟಕ್ಕೆ ಕುಳಿತಿದ್ದಾಗ ಭಟ್ಟರು ಶಂಕರಿಯನ್ನು ಕೇಳಿದರು, ಕಟಕಟೆಯಲ್ಲಿ ನೀನಾಗಿದ್ದರೆ ಹೇಳುತ್ತಿದ್ದೆಯಾ ಎಂದು. ಅವಳು ಬಡಿಸುವ ಸೌಟನ್ನು ಕೆಳಗಿಟ್ಟಳು.

"ಹೇಳದಿದ್ರೆ ಮನೆ ಹೋಗ್ತದೆ ಅಂತ ಗೊತ್ತಿದ್ರೆ ಎಂತಾದ್ರೂ ದಾರಿ ನೋಡ್ತಿದ್ದೆ. ಅವಳಿಗೆ ಹಾಗೆ ಯಾರಾದ್ರೂ ಹೇಳಿದ್ರಾ?"

ಮುಂದಿನ ಸೋಮವಾರದಿಂದ ಭಟ್ಟರು ಕಪ್ಪು ಕೋಟು ಬಿಟ್ಟು ಬರೇ ಅಂಗಿಯಲ್ಲಿ ಮುನ್ಸೀಫ್ ಕೋರ್ಟಿನ ಜಗಲಿಗೆ ಹೋಗಿ ಕೂರತೊಡಗಿದರು. ಸರದಿಗೆ ಕಾಯುವ ಸಾಕ್ಷಿಗಳ ಹತ್ತಿರ ಹೋಗಿ, ಒಳಗೆ ಬರೆಯುವುದು ಬಾಯಿಯ ಮಾತನ್ನು ಮಾತ್ರ, ಕೈ ತೋರಿಸಿದರೆ, ತಲೆ ಆಡಿಸಿದರೆ ಅದು ಕಾಗದಕ್ಕೆ ಹತ್ತುವುದಿಲ್ಲ ಎಂದು ಹೇಳುತ್ತಿದ್ದರು. ಕೆಲವರು ಕೇಳಿದರು, ಕೆಲವರು ಈ ಮುದುಕನಿಗೆ ತಲೆ ಸರಿಯಿಲ್ಲವೆಂದು ದೂರ ಸರಿದು ಕುಳಿತರು. ಎಳೆಯ ವಕೀಲರು ಅವರನ್ನು ಕಂಡೂ ಕಾಣದಂತೆ ದಾಟುತ್ತಿದ್ದರು.

ಅರವತ್ತೇಳರ ಒಂದು ದಿನ ಗುಂಡ್ಯ ಕಡೆಯ ನೆಬೀಸ ಎಂಬ ಹೆಂಗಸು ಜಗಲಿಯಲ್ಲಿ ಕುಳಿತಿದ್ದಳು. ಗಂಡ ಮಾಡಿಕೊಟ್ಟ ಒಂದು ಜಾಗದ ಪತ್ರದ ವಿಷಯದಲ್ಲಿ ಅವಳ ಸಾಕ್ಷಿ ಇತ್ತು. ಭಟ್ಟರು ತಮ್ಮ ಮಾತು ಹೇಳಿ, ಗಂಡನ ಹೆಸರು ಕೇಳುತ್ತಾರೆ ಎಂದರು. ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು.

"ನಂಗೆ ಬಾಯಲ್ಲಿ ಬರುದಿಲ್ಲ. ಚೀಟಿಯಲ್ಲಿ ಬರ್ದು ಕೊಟ್ರೆ ಆಗ್ತದಾ?"

ಆಗುತ್ತದೆ, ಚೀಟಿಯನ್ನು ಓದಿ ಬರೆದುಕೊಳ್ಳಲು ಹೇಳಿ ಎಂದರು ಭಟ್ಟರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ತಮ್ಮ ಹೇಳಿದ ಹೆಸರನ್ನು ಅವರೇ ದೊಡ್ಡ ಅಕ್ಷರದಲ್ಲಿ ಬರೆದು ಮಡಚಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಪೋಕರ್ ಬಾಗಿಲಿಗೆ ಬಂದು ಅವಳನ್ನು ಕೂಗಿದ. ಭಟ್ಟರು ಒಳಗೆ ಹೋಗಲಿಲ್ಲ, ಗೋಡೆಗೆ ಒರಗಿ ಕಿವಿಗೊಟ್ಟು ನಿಂತರು. ಪ್ರಶ್ನೆ ಕೇಳಿಸಿತು. ಆಮೇಲೆ ಕಾಗದ ಬಿಚ್ಚುವ ಸದ್ದು. ಆಮೇಲೆ ಗುಮಾಸ್ತ ಆ ಹೆಸರನ್ನು ಗಟ್ಟಿಯಾಗಿ ಓದಿದ. ಭಟ್ಟರು ಕೊಡೆ ತೆಗೆದುಕೊಂಡು ಗುಡ್ಡೆ ಇಳಿದರು.